ಹಳ್ಳದಾಚೆಯ ಟ್ರ್ಯಾಕ್ಟರು

ಮರ್ವಿನ್ ಓರ್‌ನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮೊದಲು ಅವನ ಹಿತ್ತಲ ಬೇಲಿ, ಬೇಲಿಯಾಚೆ ಹಳ್ಳ, ಹಳ್ಳದಾಚೆ ಅವನದೇ ಕೆಂಪು ಟ್ರ್ಯಾಕ್ಟರು ಕಾಣುತ್ತಿದ್ದವು. ಬೇಲಿ ಮತ್ತು ಹಳ್ಳದ ಬಗ್ಗೆ ಅವನಿಗೆ ಯಾವ ತಕರಾರೂ ಇರಲಿಲ್ಲ.

ಹಳ್ಳದ ಈಚೆ ದಂಡೆ ಬ್ರಿಟನ್ನಿನ ಆಡಳಿತದ ಉತ್ತರ ಐರ್ಲೆಂಡಿಗೆ ಸೇರಿದ್ದು, ಆಚೆ ದಂಡೆ ದಕ್ಷಿಣದ ಐರ್ಲೆಂಡ್ ಗಣರಾಜ್ಯಕ್ಕೆ. ಈ ಕತೆಯನ್ನು ಎರಡು ದಂಡೆಗಳಲ್ಲೂ ಹೇಳುತ್ತಾರೆ. ಆಚೆಯವರ ಪಾಠದಲ್ಲಿ ಬಾರ್ನಿ ಮೆಕ್‌ಫಿಲಿಪ್ಸ್ ಟ್ರ್ಯಾಕ್ಟರನ್ನು ಕೇಳದೆ ಕಡ ತಂದನು. ಈಚೆಯವರ ಪಾಠದಲ್ಲಿ ಕದ್ದನು. ಉಳಿದ ವಿಷಯಗಳಲ್ಲಿ ಪಾಠಾಂತರ ಹೆಚ್ಚಿಲ್ಲ.

ಆ ಮುಂಜಾನೆ ಮರ್ವಿನ್ ಚಹಾ ಬಗ್ಗಿಸುತ್ತಿದ್ದಾಗ ಆಚೆ ಟ್ರ್ಯಾಕ್ಟರು ಗುಡುಗಿತು.

"ಪೊಲೀಸಪ್ಪಾ, ನಿನ್ನ ಕೇಸು ಆಗ್ಲೇ ಎದ್ದು ಕೆಲಸಕ್ಕೆ ಹೊರಡ್ತಾ ಇದೆ ನೋಡು," ಎಂದನು ಅವನು ಅಳಿಯನಿಗೆ.

ಅಳಿಯ ವೆಸ್ಲಿ ಗಾಲ್ಟ್ ಉತ್ತರದ ಠಾಣೆಯ ಪೇದೆ. ಮದುವೆಯಾದಂದಿನಿಂದ ಮಾವನ ಮನೆಯಲ್ಲೇ ಅವನ ವಾಸ, ಊಟ, ಅವಮಾನ. ಅವನು ಬ್ರೆಡ್ಡಿನ ಹಿಂದೆ ಮುಖ ಮರೆಸಿಕೊಂಡನು.

"ಕಾಗದ ಹೋಗಿದೆ ಮಾವ. ಬರುತ್ತೆ."

"ಎಲ್ಲಿಗೆ ಹೋಗಿದೆ?"

"ಬೆಲ್‌ಫಾಸ್ಟಿಗೆ. ಅಲ್ಲಿಂದ ಮುಂದಕ್ಕೆ. ಅಲ್ಲಿಂದ ಡಬ್ಲಿನ್ನಿಗೆ. ಒಂದು ಸಲ ವಾಪಸ್ ಬಂದಿತ್ತು, ಅಡಕ ಒಂದು ಸರಿ ಇಲ್ಲ ಅಂತ. ಮತ್ತೆ ಕಳಿಸಿದೀನಿ."

"ಕಳ್ಳ ಇಲ್ಲಿಂದ ಕಲ್ಲೆಸೆದ್ರೆ ಬೀಳೋಷ್ಟು ದೂರದಲ್ಲಿ ಕೂತಿದಾನೆ. ನಿನ್ನ ಕಾಗದ ನೋಡಿದ್ರೆ ಊರೂರು ಸುತ್ತಿ ಬರ್ತಾ ಇದೆ, ಮದುವಣಗಿತ್ತಿ ಥರ."

ಮಾವನ ಸಿಟ್ಟಿನಲ್ಲಿ ನ್ಯಾಯವಿಲ್ಲದಿರಲಿಲ್ಲ. ಹಿಂದೆ ಇಂಥ ಕೆಲಸಗಳು ಹಳ್ಳದ ಸೇತುವೆಯ ಮೇಲೆಯೇ ಮುಗಿದುಹೋಗುತ್ತಿದ್ದವು ಎಂದು ಹಿರಿಯರು ನೆನೆಯುತ್ತಾರೆ. ನೆನಪಿನಲ್ಲಿ ಎಲ್ಲವೂ ಸಲೀಸು. ಬ್ರಿಟನ್ನು ಯುರೋಪಿನ ಒಕ್ಕೂಟದಿಂದ ಹೊರಬಿದ್ದ ಮೇಲಂತೂ ಗಡಿ ದಾಟಿದ ಕಳ್ಳನನ್ನು ಕೇಳುವುದು ಹೆಣ್ಣು ಕೇಳುವುದಕ್ಕಿಂತ ದೊಡ್ಡ ವ್ಯವಹಾರವಾಯಿತು. ಅದಕ್ಕೆ ಒಂದು ತರಬೇತಿಯನ್ನೂ ಏರ್ಪಡಿಸಿದರು. ಠಾಣೆಯಿಂದ ಹೋದವನು ವೆಸ್ಲಿ ಒಬ್ಬನೇ. ಉಳಿದವರಿಗೆ ಅಂದು ನೆಗಡಿಯಾಗಿತ್ತು. ಅಂದಿನಿಂದ ಗಡಿಯಾಚೆಯ ಪ್ರತಿಯೊಂದು ಕೋರಿಕೆಯನ್ನು ಬರೆಯುವವನೂ, ಆಚೆಯಿಂದ ಬಂದದ್ದಕ್ಕೆ ಉತ್ತರಿಸುವವನೂ ಅವನೇ.

"ಇವತ್ತು ಮಿನ್ನಿಯಜ್ಜಿಯ ಮಣ್ಣು," ಎಂದನು ವೆಸ್ಲಿ. "ಬಾರ್ನಿ ಬಂದೇ ಬರ್ತಾನೆ. ಚರ್ಚು ಆ ಕಡೆ, ಸ್ಮಶಾನ ನಮ್ಮ ಕಡೆ. ಕಾಲಿಟ್ಟ ಕೂಡಲೇ ಹಿಡೀತೀನಿ. ಯಾವ ಕಾಗದಾನೂ ಬೇಡ."

ಮರ್ವಿನ್ ಮೊದಲ ಬಾರಿಗೆ ಅಳಿಯನನ್ನು ನೇರವಾಗಿ ನೋಡಿದನು. "ಹಿಡಿದ್ರೆ ಸಂಜೆ ಈ ಮೇಜಿನ ಹತ್ರ ಬಾ. ಇಲ್ದಿದ್ರೆ ಕೊಟ್ಟಿಗೆಗೆ ತಟ್ಟೆ ಕಳಿಸ್ತೀನಿ. ನಾನು ತಮಾಷೆ ಮಾಡ್ತಿಲ್ಲ."

ಅವನು ತಮಾಷೆ ಮಾಡುವವನಲ್ಲವೆಂದು ವೆಸ್ಲಿಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಆಗಲೇ ಒಂದು ಮಡಚುವ ಮಂಚ ಬಂದಿತ್ತು. ಅವನು ಸಮವಸ್ತ್ರ ಕಳಚಿ, ಕಪ್ಪು ಸೂಟು ತೊಟ್ಟು, ಕೈಕೋಳವನ್ನು ಜೇಬಿಗಿಳಿಸಿ ಹೊರಟನು.

ಮಿನ್ನಿಯಜ್ಜಿಯು ಎರಡು ದಂಡೆಯವರಿಗೂ ಮಿಠಾಯಿ ಮಾರಿದ್ದವಳು. ಆದುದರಿಂದ ಎರಡು ದಂಡೆಯವರೂ ನೆರೆದಿದ್ದರು. ಅಲ್ಲಿಯ ಪದ್ಧತಿಯಂತೆ ಶವಪೆಟ್ಟಿಗೆಯನ್ನು ಆರು ಮಂದಿ ಹೊರುತ್ತಾರೆ. ಅಕ್ಕಪಕ್ಕದ ಇಬ್ಬರು ಪರಸ್ಪರರ ಭುಜದ ಮೇಲೆ ಕೈಹಾಕಿಕೊಂಡು, ಇನ್ನೊಂದು ಭುಜವನ್ನು ಪೆಟ್ಟಿಗೆಗೆ ಕೊಟ್ಟು ನಡೆಯಬೇಕು. ಹೆಗಲು ಬದಲಿಸುವ ಸ್ಥಳಗಳನ್ನು ಅಜ್ಜಂದಿರ ಕಾಲದಿಂದಲೂ ಗೊತ್ತುಮಾಡಿದೆ. ಅಲ್ಲಲ್ಲದೆ ಬೇರೆಡೆ ಪೆಟ್ಟಿಗೆಯನ್ನು ಇಳಿಸುವಂತಿಲ್ಲ. ಹೆಗಲು ಕೊಡೆಂದು ಕರೆದವರಿಗೆ ಇಲ್ಲವೆನ್ನುವಂತೆಯೂ ಇಲ್ಲ. ಹೆಣದ ಕೆಳಗಿರುವವನನ್ನು ಮುಟ್ಟುವುದಂತೂ ಯಾರ ಕಲ್ಪನೆಗೂ ಬಾರದ ಮಾತು.

ಸ್ಮಶಾನದ ರಸ್ತೆ ಹಾವಿನಂತೆ ಡೊಂಕು. ಹೋಗುವಾಗ ಒಮ್ಮೆ ಉತ್ತರಕ್ಕೆ ಹೊಕ್ಕು, ದಕ್ಷಿಣಕ್ಕೆ ಹೊರಳಿ, ಮತ್ತೆ ಉತ್ತರಕ್ಕೆ ಹೊಕ್ಕು ದಿಬ್ಬವೇರುತ್ತದೆ. ಮೊದಲ ಉತ್ತರದ ತುಂಡು ಹತ್ತಿರವಾಗುತ್ತಿದ್ದಂತೆ ವೆಸ್ಲಿ ಜೇಬಿಗೆ ಕೈಹಾಕಿದನು. ಹೆಗಲು ಬದಲಿಸುವ ಮೊದಲ ಸ್ಥಳವೂ ಅದೇ. ಆ ಕ್ಷಣಕ್ಕೆ ಸರಿಯಾಗಿ ಬಾರ್ನಿಯು ಮುಂದೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟನು.

"ಎಂಥ ಅಭಿಮಾನ ಕಣಮ್ಮ," ಎಂದಳು ಪಕ್ಕದ ಹೆಂಗಸೊಬ್ಬಳು ಮೂಗೊರೆಸಿಕೊಂಡು. "ಅಜ್ಜಿ ಅಂದ್ರೆ ಪ್ರಾಣ ಅವನಿಗೆ."

"ಅಜ್ಜಿ ಹತ್ರ ಹೋದ ವರ್ಷದ ತನಕ ಮಾತೇ ಬಿಟ್ಟಿದ್ದ," ಎಂದನು ಅವಳ ಗಂಡ.

"ಸುಮ್ನಿರಿ. ಸತ್ತೋರ ಮುಂದೆ ಅದೆಲ್ಲ ಯಾಕೆ."

ಉತ್ತರದ ತುಂಡು ಮುಗಿದು ದಕ್ಷಿಣ ಬಂದಿತು. ಹೆಗಲು ಬದಲಿಸುವ ಮರ ಬಂದಿತು. ಬಾರ್ನಿಯು ಪೆಟ್ಟಿಗೆಯನ್ನು ಬೇರೆಯವನಿಗೆ ಒಪ್ಪಿಸಿ, ವೆಸ್ಲಿಯ ಪಕ್ಕಕ್ಕೇ ಬಂದು ಬೆವರೊರೆಸಿಕೊಂಡನು.

"ಸೆಖೆ ಅಲ್ವಾ ವೆಸ್ಲಿ? ಮಾವ ಹೇಗಿದಾರೆ?"

"ಟ್ರ್ಯಾಕ್ಟರ್ ಇಲ್ದೆ ಸೊರಗಿದಾರೆ."

"ಅಯ್ಯೋ ಪಾಪ. ನಮ್ಮನೇಲಿ ಒಂದಿದೆ, ಬೇಕಾದ್ರೆ ಬಾಡಿಗೆಗೆ ಕೊಡ್ತೀನಿ ಅಂತ ಹೇಳು."

ಎರಡನೆಯ ಉತ್ತರದ ತುಂಡಿಗೆ ಮುನ್ನ ಕಲ್ಲುಕಟ್ಟೆಯೊಂದಿದೆ. ಅಲ್ಲಿಯೂ ಹೆಗಲು ಬದಲಾಗಬೇಕು. ಬಾರ್ನಿಯು ಮತ್ತೆ ಮುಂದಾದನು. ಶವಸಂಸ್ಕಾರದ ಮೇಸ್ತ್ರಿ ಪೀಡರನು ಎತ್ತರಕ್ಕೆ ಎತ್ತರ ಜೋಡಿಸುವುದರಲ್ಲಿ ಬಹಳ ಕಟ್ಟುನಿಟ್ಟು. ಪೆಟ್ಟಿಗೆ ಓರೆಯಾದರೆ ಅವನಿಗೆ ಅಂದು ಊಟ ಸೇರದು. ಅವನು ಗುಂಪನ್ನೆಲ್ಲ ಕಣ್ಣಲ್ಲೇ ಅಳೆದು ಬೆರಳು ತೋರಿಸಿದನು.

"ವೆಸ್ಲಿ, ಬಾರಪ್ಪ. ನೀನೂ ಬಾರ್ನಿನೂ ಒಂದೇ ಎತ್ತರ, ಹೇಳಿ ಮಾಡ್ಸಿದ ಜೋಡಿ."

"ಪೀಡರಣ್ಣ, ನಾನು ಸ್ವಲ್ಪ ಕೆಲಸದ ಮೇಲೆ..."

"ಎಲ್ರಿಗೂ ಕೆಲಸ ಇದೆ. ಅಜ್ಜಿಗೊಬ್ಬಳಿಗೇ ಇವತ್ತು ಬಿಡುವು. ಬಾ."

ಹೀಗೆ ಉತ್ತರದ ಪೇದೆಯು ತಾನು ಹಿಡಿಯಬೇಕಾದ ಕಳ್ಳನ ಭುಜದ ಮೇಲೆ ಕೈಹಾಕಿಕೊಂಡು, ತನ್ನದೇ ಸರಕಾರದ ನೆಲದ ಮೇಲೆ, ಅಣ್ಣತಮ್ಮಂದಿರಂತೆ ದಿಬ್ಬವೇರಿದನು. ಮಿನ್ನಿಯಜ್ಜಿಯು ಮಿಠಾಯಿಯನ್ನು ಬರೀ ಮಾರಿದವಳಲ್ಲವೆಂದು ಹೆಗಲ ಮೇಲಿನ ಭಾರ ಹೇಳುತ್ತಿತ್ತು. ವೆಸ್ಲಿಯ ಕಿವಿ ಪೆಟ್ಟಿಗೆಯ ಮರಕ್ಕೆ ಅಂಟಿ ಮಡಚಿಹೋಯಿತು. ಮುಂದಿನವನ ಬೂಟಿನ ಹಿಮ್ಮಡಿ ಬಿಟ್ಟರೆ ಅವನಿಗೆ ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

"ನಿಂಗೆ ಹೆಜ್ಜೆ ಬರಲ್ಲ ಕಣೋ," ಎಂದನು ಬಾರ್ನಿ ಮೆಲ್ಲಗೆ. "ಎಡ, ಬಲ. ಹಾಂ, ಹಾಗೆ."

ಬೂಟುಗಳು ಗೇಟು ದಾಟಿದವು, ಹುಲ್ಲು ದಾಟಿದವು, ಒಂದಿಷ್ಟು ಕಲ್ಲುಗಳ ನಡುವೆ ನುಸುಳಿದವು, ಹಸಿಮಣ್ಣಿನ ಮೇಲೆ ನಿಂತವು. ಪೆಟ್ಟಿಗೆ ಇಳಿಯಿತು. ಪಾದ್ರಿಗಳು ಪ್ರಾರ್ಥನೆ ಹೇಳಿದರು. ಕೊನೆಯ ಆಮೆನ್ ಮುಗಿಯುವವರೆಗೂ ವೆಸ್ಲಿ ತಲೆಬಾಗಿ ಕಾದನು, ಅವನು ಮರ್ಯಾದಸ್ಥ. ಮುಗಿದೊಡನೆ ಕೋಳದ ಒಂದು ಬಳೆಯನ್ನು ಬಾರ್ನಿಯ ಮಣಿಕಟ್ಟಿಗೂ ಇನ್ನೊಂದನ್ನು ತನ್ನದಕ್ಕೂ ತೊಡಿಸಿದನು.

"ಬಾರ್ನಿ ಮೆಕ್‌ಫಿಲಿಪ್ಸ್, ಟ್ರ್ಯಾಕ್ಟರ್ ಕಳವಿನ ಮೇಲೆ ನಿನ್ನನ್ನ ಬಂಧಿಸ್ತಾ ಇದೀನಿ."

ಬಾರ್ನಿಯು ಕೈ ಕೊಸರಲಿಲ್ಲ. "ಇನ್ನೂ ಸ್ವಲ್ಪ ಜೋರಾಗಿ ಹೇಳು, ನಮ್ಮ ಸಾರ್ಜೆಂಟಮ್ಮಂಗೆ ಕೇಳಿಸ್ಲಿ," ಎಂದನು.

ದಕ್ಷಿಣದ ಪೊಲೀಸಿನ ಸಾರ್ಜೆಂಟು ಡಿಂಪ್ನಾ ಕೊನೊಲಿಯು ಕರಿಕೋಟು ತೊಟ್ಟು ಗುಂಡಿಯ ಆಚೆ ಬದಿಯಲ್ಲೇ ನಿಂತಿದ್ದಳು. ಆಕೆ ನಿಟ್ಟುಸಿರಿಟ್ಟಳು.

"ವೆಸ್ಲಿ, ನೀನು ಎಲ್ಲಿ ನಿಂತಿದೀಯಾ?"

"ಸ್ಮಶಾನದಲ್ಲಿ."

"ಹಿಂದೆ ತಿರುಗಿ ನೋಡಪ್ಪ."

ವೆಸ್ಲಿ ತಿರುಗಿದನು. ಅವನ ಬೆನ್ನ ಹಿಂದೆ ಸ್ಮಶಾನದ ಹಳೆಯ ಕಲ್ಲುಗೋಡೆಯಿತ್ತು, ಗೋಡೆಯಲ್ಲಿ ಹೊಸದಾಗಿ ಒಡೆದ ದಾರಿಯಿತ್ತು. ಆ ಗೋಡೆಯೇ ಗಡಿಯೆಂಬುದನ್ನು ಅವನು ಹಾಲುಹಲ್ಲಿನ ಕಾಲದಿಂದಲೂ ಬಲ್ಲವನು.

"ಹಳೇ ಜಾಗ ತುಂಬೋಯ್ತು," ಎಂದನು ಪೀಡರ್, ಅವನ ಕಣ್ಣು ತಪ್ಪಿಸಿ. "ಚರ್ಚಿನೋರು ಈ ವಸಂತದಲ್ಲಿ ಪಕ್ಕದ ಹೊಲ ಕೊಂಡ್ಕೊಂಡ್ರು. ಅಜ್ಜಿದೇ ಮೊದಲ್ನೇ ಗುಂಡಿ."

"ಯಾರ ಹೊಲ?"

"ನಂದೇ," ಎಂದನು ಬಾರ್ನಿ ಸಂಕೋಚದಿಂದ. "ಸಮ ಮಾಡ್ಕೊಟ್ಟಿದ್ದೂ ನಾನೇ. ಒಳ್ಳೇ ಟ್ರ್ಯಾಕ್ಟರ್ ಅದು."

ನೆರೆದವರೆಲ್ಲ ಈಗ ಸಲಹೆ ಕೊಡತೊಡಗಿದರು. ಇಬ್ಬರನ್ನೂ ಎತ್ತಿ ಗೋಡೆಯಾಚೆ ಹಾಕೋಣವೆಂದರು ಉತ್ತರದವರು. ಹಾಗೆ ಎತ್ತಿದರೆ ಅದು ಅಪಹರಣ, ಎತ್ತಿದವರೂ ಒಳಗೆ ಹೋಗುತ್ತೀರಿ ಎಂದರು ದಕ್ಷಿಣದವರು. ಡಿಂಪ್ನಾ ಎರಡೂ ಕೈಯೆತ್ತಿ ಸದ್ದಡಗಿಸಿದಳು.

"ವೆಸ್ಲಿ, ಪರದೇಶದಲ್ಲಿ ನಿಂತು ನಮ್ಮ ದೇಶದೋನಿಗೆ ಕೋಳ ಹಾಕಿದೀಯಾ. ನಾನು ನಿಮ್ಮ ಠಾಣೆಗೆ ತಿಳಿಸ್ಲೇಬೇಕು. ಬೇಜಾರ್ ಮಾಡ್ಕೋಬೇಡ."

ಆಕೆ ಫೋನು ತೆಗೆದು, ಗಡಿಯಾಚೆಯ ವ್ಯವಹಾರ ನೋಡಿಕೊಳ್ಳುವವರನ್ನು ಕೊಡಿ ಎಂದಳು. ಸ್ವಲ್ಪ ಹೊತ್ತು ಸಂಗೀತ ಕೇಳಿಸಿತು. ಆಮೇಲೆ ವೆಸ್ಲಿಯ ಕೋಟಿನ ಜೇಬು ರಿಂಗಣಿಸತೊಡಗಿತು.

ಅವನು ಖಾಲಿಯಿದ್ದ ಕೈಯಿಂದ ಫೋನು ಎತ್ತಿದನು. "ಹಲೋ," ಎಂದನು.

"ಹಲೋ," ಎಂದಳು ಡಿಂಪ್ನಾ, ಗುಂಡಿಯ ಆಚೆಯಿಂದ. "ನಿಮ್ಮ ಪೇದೆ ಒಬ್ರು ನಮ್ಮ ಹತ್ರ ಇದಾರೆ."

"ಗೊತ್ತಿದೆ."

"ಏನ್ ಮಾಡೋಣ?"

"ಲಿಖಿತವಾಗಿ ಕಳಿಸಿ," ಎಂದನು ವೆಸ್ಲಿ, ಅಭ್ಯಾಸಬಲದಿಂದ.

ಕೊನೆಗೆ ಬಾರ್ನಿಯೇ ದೊಡ್ಡ ಮನಸ್ಸು ಮಾಡಿದನು. ಮಣ್ಣಿನ ದಿನ ಜಗಳ ಬೇಡ, ನನ್ನಿಂದ ದೂರಿಲ್ಲ, ಕೋಳ ಬಿಚ್ಚಿದರೆ ಸಾಕು ಎಂದನು. ಕೋಳದ ಕೀಲಿ ಸಮವಸ್ತ್ರದ ಷರಾಯಿಯಲ್ಲಿತ್ತು, ಷರಾಯಿ ಮನೆಯಲ್ಲಿತ್ತು, ಮನೆಯಲ್ಲಿ ಫೋನು ಎತ್ತಿದವನು ಮರ್ವಿನ್.

ಬಾರ್ನಿಯು ಉತ್ತರಕ್ಕೆ ಕಾಲಿಡಲು ಒಪ್ಪಲಿಲ್ಲ. ಹಾಗಾಗಿ ಕೀಲಿಯೇ ಸೇತುವೆಗೆ ಬರಬೇಕೆಂದಾಯಿತು. ದಕ್ಷಿಣದ ಹೊಲಗಳ ನಡುವೆ ಸೇತುವೆಗೆ ಬಂಡಿದಾರಿಯೊಂದಿದೆ. ಹೋಗಲು ಇದ್ದ ವಾಹನವೂ ಒಂದೇ, ಗುಂಡಿ ಮುಚ್ಚಲೆಂದು ತಂದಿದ್ದ ಕೆಂಪು ಟ್ರ್ಯಾಕ್ಟರು. ಬಾರ್ನಿ ಸ್ಟಿಯರಿಂಗ್ ಹಿಡಿದನು. ವೆಸ್ಲಿಯು ಚಕ್ರದ ಮೇಲಿನ ತಗಡಿನ ಮೇಲೆ ಕುಳಿತು, ಗೇರು ಬದಲಾದಾಗಲೆಲ್ಲ ಕೈಯನ್ನೂ ಅದರ ಹಿಂದೆ ಕಳಿಸುತ್ತ ಬಂದನು. ಹಿಂದೆ ಡಿಂಪ್ನಾ, ಅವಳ ಹಿಂದೆ ಊರೇ ಊರು.

ಸೇತುವೆಯ ನಡುವೆ ಡಾಂಬರಿನ ಬಣ್ಣ ಬದಲಾಗುತ್ತದೆ. ಆ ಗೆರೆಯ ಉತ್ತರಕ್ಕೆ ಮರ್ವಿನ್ ನಿಂತಿದ್ದನು. ದಕ್ಷಿಣಕ್ಕೆ ಟ್ರ್ಯಾಕ್ಟರು ಮುಂದಿನ ಚಕ್ರಗಳನ್ನು ಗೆರೆಗೆ ಮುಟ್ಟಿಸದೆ ನಿಂತಿತು. ಮರ್ವಿನ್ ಅಳಿಯನ ಕಡೆ ನೋಡಲಿಲ್ಲ. ಎಂಜಿನ್ನಿನ ಸದ್ದನ್ನು, ನೆಂಟರ ಮಗುವಿನ ಕೆಮ್ಮು ಕೇಳುವಂತೆ, ತಲೆವಾಲಿಸಿ ಕೇಳಿದನು.

"ಆಯಿಲ್ ಬದಲಾಯ್ಸಿದೀಯಾ?"

"ಬದಲಾಯ್ಸಿದೀನಿ ಮರ್ವಿನಣ್ಣ," ಎಂದನು ಬಾರ್ನಿ.

"ಎರಡನೇ ಗೇರು ಎಳೀತಿತ್ತಲ್ಲ?"

"ಈಗ ಬೆಣ್ಣೆ."

ಮರ್ವಿನ್ ಕೈಯಲ್ಲಿದ್ದ ಕೀಲಿಯನ್ನೊಮ್ಮೆ ನೋಡಿದನು. ಆಮೇಲೆ ಕೀಲಿಯನ್ನು ತನ್ನ ಜೇಬಿಗೇ ಹಿಂದಕ್ಕಿಳಿಸಿ ಡಿಂಪ್ನಾಳತ್ತ ತಿರುಗಿದನು.

"ಸಾರ್ಜೆಂಟಮ್ಮ, ಅಳಿಯನ್ನ ನೀವೇ ಇಟ್ಕೊಳ್ಳಿ. ಟ್ರ್ಯಾಕ್ಟರ್ ಕೊಟ್ಬಿಡಿ."

"ಕೊಡ್ಬಹುದು ಮರ್ವಿನ್. ಆದ್ರೆ ಅದಕ್ಕೆ ನಿಮ್ಮ ಕಡೆಯಿಂದ ಸರಿಯಾದ ಕೋರಿಕೆ ಬರ್ಬೇಕು."

"ಅದನ್ನ ಬರೆಯೋನು ಯಾರು?"

ಬಾರ್ನಿಯು ಸಹಾಯವಾಗಲೆಂದು ಕೈಯೆತ್ತಿ ಪಕ್ಕದವನನ್ನು ತೋರಿಸಿದನು. ಅದರೊಡನೆ ಸರಪಳಿ ಬಿಗಿದು ವೆಸ್ಲಿಯ ಕೈಯೂ ಮೇಲೆದ್ದಿತು.