ಹ್ಯಾಂಡಲ್ಲು ನಮ್ಮ ಮನೆಯಲ್ಲಿತ್ತು

ಕೆಲಸ ಶುರು ಮಾಡುವುದಕ್ಕೆ ನಮ್ಮ ಭಾಷೆಯಲ್ಲಿರುವಷ್ಟು ಶಬ್ದಗಳು ಕೆಲಸ ಮುಗಿಸುವುದಕ್ಕೆ ಇಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆರಂಭ, ಪ್ರಾರಂಭ, ಶುಭಾರಂಭ, ಉದ್ಘಾಟನೆ, ಸ್ಥಾಪನೆ, ಶಂಕುಸ್ಥಾಪನೆ, ಲೋಕಾರ್ಪಣೆ. ಒಂದೊಂದೂ ಜರಿ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ ಹಿರಿಯರ ಹಾಗೆ ಕಾಣುತ್ತದೆ. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತನಾಗಿರುವ ನಾನು ಅನ್ನ ಹಾಕುವ ಶಬ್ದಗಳ ಮೇಲೆ ಹೀಗೆ ಸಿಡುಕಬಾರದು, ನಿಜ. ಆದರೆ ಐದಾರು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಇವೇ ಶಬ್ದಗಳು ನಮ್ಮ ಇಡೀ ಓಣಿಗೆ ನೀರು ಸಿಗದಂತೆ ಮಾಡಿದವು. ಶಬ್ದಗಳು ಮಾಡಿದವು ಎನ್ನುವುದೂ ಪೂರ್ತಿ ನಿಜವಲ್ಲ. ಮಾಡಿದವನು ನಾನು. ಈ ಮಾತನ್ನು ನನ್ನ ಹೆಂಡತಿ ಸರೋಜ ಎಷ್ಟೋ ಸಲ ಹೇಳಿದ್ದಾಳೆ, ನಾನು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು.

ಆಗ ನಮ್ಮ ಓಣಿಗೆ ಕುಡಿಯುವ ನೀರೆಂದರೆ ಸಂತೆ ಮೈದಾನದ ಆಚೆಗಿದ್ದ ಮೆಟ್ಟಿಲು ಬಾವಿಯೊಂದೇ. ಸರೋಜ ದಿನಾ ಬೆಳಿಗ್ಗೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಮೂರು ಸಲ ಹೋಗಿ ಬರುತ್ತಿದ್ದಳು. ಅಂಥದ್ದರಲ್ಲಿ ಸರ್ಕಾರದ ಲಾರಿ ಬಂದು ಓಣಿಯ ನಡುವೆಯೇ ಕೊಳವೆ ಬಾವಿ ಕೊರೆಯಿತು. ನೀರು ಚಿಮ್ಮಿ ನನ್ನ ಬಿಳಿ ಧೋತರವೆಲ್ಲ ಕೆಸರಾದರೂ ನಾನು ಕುಣಿದಾಡುವುದೊಂದೇ ಬಾಕಿ. ಕಟ್ಟೆ ಕಟ್ಟಿದರು, ಕೈಪಂಪು ನಿಲ್ಲಿಸಿದರು. ನಮ್ಮವರ ಬಾಯಲ್ಲಿ ಅದು ‘ಬೋರಿಂಗು’. ಮರುದಿನ ಹೆಂಗಸರು ಕೊಡ ಹಿಡಿದು ಹೋಗಿ ನೋಡಿದರೆ ಬೋರಿಂಗು ಇದೆ, ಅದನ್ನು ಒತ್ತುವ ಹ್ಯಾಂಡಲ್ಲೇ ಇಲ್ಲ.

ಅದನ್ನು ಬಿಚ್ಚಿಸಿದವರು ಓಣಿಯ ಕಮಿಟಿಗೆ ಅಧ್ಯಕ್ಷರಾದ ಶೇಂಗಾ ಮಂಡಿಯ ರುದ್ರಪ್ಪನವರು. ಸಮಾರಂಭ ಆಗುವ ಮೊದಲೇ ಕಂಡ ಕಂಡವರು ಒತ್ತಿದರೆ ಬೋರಿಂಗು ಎಂಜಲಾದ ಹಾಗೆ, ಆಮೇಲೆ ದೊಡ್ಡವರನ್ನು ಯಾವ ಮುಖ ಇಟ್ಟುಕೊಂಡು ಕರೆಯುವುದು ಎಂಬುದು ಅವರ ವಾದ. ಸರಿ, ಬಿಚ್ಚಿದ ಹ್ಯಾಂಡಲ್ಲು ಯಾರ ಮನೆಯಲ್ಲಿರಬೇಕು? ರುದ್ರಪ್ಪನವರ ಮನೆಯಲ್ಲಿ ಎಂದರೆ ಕಮಿಟಿಯ ಕಾರ್ಯದರ್ಶಿ, ರಿಟೈರಾದ ರೆವಿನ್ಯೂ ಇನ್‌ಸ್ಪೆಕ್ಟರು ಹನುಮಂತರಾಯರು ಒಪ್ಪಲಿಲ್ಲ. ಅವರ ಮನೆಯಲ್ಲಿ ಎಂದರೆ ಇವರು ಒಪ್ಪಲಿಲ್ಲ. ಕೊನೆಗೆ ಇಬ್ಬರೂ ನಮ್ಮ ಮನೆಗೆ ಬಂದರು.

“ಮೇಷ್ಟ್ರೆ, ನೀವು ಹೊರಗಿನೋರು, ಯಾರ ಕಡಿಗೂ ಇಲ್ಲದೋರು. ನಿಮ್ಮನ್ಯಾಗ ಇದ್ರ ಯಾರೂ ಏನೂ ಅನ್ನಂಗಿಲ್ಲ,” ಎಂದರು ರುದ್ರಪ್ಪನವರು.

ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಹರಪನಹಳ್ಳಿ ಕಡೆಯಿಂದ ಬಂದು ಬಾಡಿಗೆ ಮನೆಯಲ್ಲಿರುವ ನನ್ನನ್ನು ಓಣಿಯ ನ್ಯಾಯಾಧೀಶನನ್ನಾಗಿ ಮಾಡಿದರಲ್ಲ ಎಂದು, ಆ ಎಣ್ಣೆಮೆತ್ತಿದ ಕಬ್ಬಿಣವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬಾಗಿಲ ಹಿಂದೆ ನಿಲ್ಲಿಸಿದೆ. ಆಮಂತ್ರಣ ಪತ್ರಿಕೆಯನ್ನೂ ನಾನೇ ಬರೆಯಬೇಕೆಂದರು. ಸರೋಜ ಅಡುಗೆಮನೆಯಿಂದ ಬಂದು ಹ್ಯಾಂಡಲ್ಲು ನೋಡಿದಳು, ನನ್ನನ್ನು ನೋಡಿದಳು, ಖಾಲಿ ಕೊಡ ತೆಗೆದುಕೊಂಡು ಮೆಟ್ಟಿಲು ಬಾವಿಗೆ ಹೋದಳು.

ಅರ್ಧ ಗಂಟೆಯಲ್ಲಿ ಪತ್ರಿಕೆ ಬರೆದುಬಿಟ್ಟೆ. ‘ಬೋರಿಂಗಿನ ಉದ್ಘಾಟನಾ ಸಮಾರಂಭ’. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆ ವಾರವೇ ನೀರು ಬರುತ್ತಿತ್ತು. ಆದರೆ ಹನುಮಂತರಾಯರು ಪತ್ರಿಕೆ ಓದುತ್ತ, ಉದ್ಘಾಟನೆ ಎಂದರೆ ಸರಿಯಾಗಿ ಏನು ಎಂದು ಕೇಳಿಬಿಟ್ಟರು. ಕನ್ನಡ ಪಂಡಿತನನ್ನು ಶಬ್ದದ ಅರ್ಥ ಕೇಳಿದರೆ ಸುಮ್ಮನಿರುತ್ತಾನೆಯೇ? ಮುಚ್ಚಿದ್ದನ್ನು ತೆರೆಯುವುದು, ಬಾಗಿಲು ತೆಗೆಯುವುದು ಎಂದು ಕಾಲು ಗಂಟೆ ವಿವರಿಸಿದೆ. ರಾಯರು ಕನ್ನಡಕ ತೆಗೆದು ಒರೆಸಿ, “ಬೋರಿಂಗಿಗೆ ಬಾಗ್ಲ ಎಲ್ಲೈತ್ರಿ ಮೇಷ್ಟ್ರೆ?” ಎಂದರು. ಮೂವತ್ತು ವರ್ಷ ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕಿದ ಮನುಷ್ಯ, ಸಿಕ್ಕಿದ್ದನ್ನು ಬಿಡುವ ಜಾತಿಯಲ್ಲ.

ಅಲ್ಲಿಂದ ಹಿಡಿಯಿತು ನೋಡಿ ಶನಿ. ‘ಪ್ರಾರಂಭೋತ್ಸವ’ ಎಂದೆ. ರುದ್ರಪ್ಪನವರು ತಮ್ಮ ಅಳಿಯ ಕಾನಹೊಸಹಳ್ಳಿಯಲ್ಲಿ ಇಟ್ಟ ಹೋಟೆಲಿನ ಕಾರ್ಡಿನಲ್ಲಿ ಅದೇ ಶಬ್ದ ಇತ್ತೆಂದೂ, ಮೂರು ತಿಂಗಳಿಗೆ ಹೋಟೆಲು ಮುಚ್ಚಿತೆಂದೂ, ಆ ಶಬ್ದದ ಕಾಲ್ಗುಣ ಸರಿಯಿಲ್ಲವೆಂದೂ ಹೇಳಿದರು. ‘ಶಂಕುಸ್ಥಾಪನೆ’ ಎನ್ನೋಣವೆಂದರೆ ಪೈಪು ಆಗಲೇ ಇನ್ನೂರು ಅಡಿ ಇಳಿದಿದೆ. ‘ಪ್ರತಿಷ್ಠಾಪನೆ’ ಎಂದರೆ ದಿನಾ ಪೂಜೆ ಮಾಡುವವರು ಯಾರು? ‘ಚಾಲನೆ’ ಎಂದರೆ ಬೋರಿಂಗೇನು ಹಡಗಲಿ ಬಸ್ಸೇ? ‘ಲೋಕಾರ್ಪಣೆ’ ಎಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಬೆಚ್ಚಿಬಿದ್ದರು. ಲೋಕಕ್ಕೇ ಅರ್ಪಿಸಿಬಿಟ್ಟರೆ ಕೆಳಗಿನ ಓಣಿಯವರೂ ಕೊಡ ತರುತ್ತಾರಲ್ಲ ಎಂದು! ಆ ಇಡೀ ಬೇಸಿಗೆಯಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ರಾಯರು ಇನ್ನೊಂದು ಉಪಾಯ ಹೇಳಿದರು. ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಹಳೇ ಶಾಸನಗಳಿವೆಯಲ್ಲ, ಕೆರೆ ಬಾವಿ ಕಟ್ಟಿಸಿದ ರಾಜರು ಯಾವ ಶಬ್ದ ಹಾಕಿಸುತ್ತಿದ್ದರೋ ನೋಡಿಕೊಂಡು ಬನ್ನಿ ಎಂದು. ನಾನು ಹೋದೆ! ಭಾನುವಾರದ ಬಸ್ಸಿನಲ್ಲಿ ಬೆವರು ಸುರಿಸಿಕೊಂಡು ಹೋಗಿ, ಶಾಸನದ ಮುಂದೆ ಎರಡು ತಾಸು ನಿಂತೆ. ಒಂದಕ್ಷರ ತಿಳಿದಿದ್ದರೆ ಕೇಳಿ. ಹಳಗನ್ನಡ ಪಾಠ ಮಾಡುವವನಿಗೆ ಹಳೆಯ ಲಿಪಿ ಬರುವುದಿಲ್ಲ ಎಂಬುದು ಪೂಜಾರಿಗೆ ತಿಳಿಯಬಾರದೆಂದು ನಡುನಡುವೆ ತಲೆದೂಗುತ್ತಿದ್ದೆ. ಹಿಂತಿರುಗಿ ಬಂದು, ಕಲ್ಲು ಬಹಳ ಸವೆದಿದೆ ಎಂದು ವರದಿ ಒಪ್ಪಿಸಿದೆ.

ಹರಪನಹಳ್ಳಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನಿಗೂ ನನ್ನಿಂದ ತಲೆ ಚಿಟ್ಟು ಹಿಡಿದಿತ್ತು. ನಾಲ್ಕು ಸಲ ಶಬ್ದ ಬದಲಾಯಿಸಿದ ಮೇಲೆ, ಇನ್ನು ಜೋಡಿಸಿದ್ದನ್ನು ಬಿಚ್ಚುವುದಿಲ್ಲವೆಂದ. ಉಳಿದದ್ದೆಲ್ಲ ಸಿದ್ಧ ಮಾಡಿ ಆ ಜಾಗದಲ್ಲಿ ಚುಕ್ಕಿ ಹಾಕಿಟ್ಟಿರಪ್ಪ, ಶಬ್ದ ಗೊತ್ತಾದ ತಕ್ಷಣ ಕಾಗದ ಬರೆಯುತ್ತೇನೆ ಎಂದು ಹೇಳಿ ಬಂದೆ.

ಇಷ್ಟರಲ್ಲಿ ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಸರೋಜ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಇಬ್ಬರು ಹೆಂಗಸರು ಹಿಡಿದುಕೊಂಡು ಬಂದು ಮನೆ ಮುಟ್ಟಿಸಿದರು. ಕಾಲು ಕುಂಬಳಕಾಯಿಯ ಹಾಗೆ ಊದಿತ್ತು. ಅವಳನ್ನು ಚಾಪೆಯ ಮೇಲೆ ಕೂರಿಸುವಾಗ ಬೆನ್ನಿಗೆ ಆನಿಕೆಯಾಗಿ ಸಿಕ್ಕಿದ್ದು ಅದೇ ಬಾಗಿಲು, ಬಾಗಿಲ ಹಿಂದೆ ಅದೇ ಹ್ಯಾಂಡಲ್ಲು. ಅದು ಢಣ್ ಎಂದು ಸದ್ದು ಮಾಡಿತು. ನನಗೆ ನಾಚಿಕೆಯಾಯಿತು. ಆದರೂ ಏನು ಮಾಡಿದೆ ಅನ್ನುತ್ತೀರಿ? ಹ್ಯಾಂಡಲ್ಲು ಮುಟ್ಟಲಿಲ್ಲ. ಕಮಿಟಿಯವರು ನಂಬಿ ಕೊಟ್ಟದ್ದು, ನಾನು ಯಾರ ಕಡೆಗೂ ಇಲ್ಲದವನು. ಕೊಡ ಹೊತ್ತು ನಾನೇ ಬಾವಿಗೆ ಹೋದೆ. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರು ದಾರಿಯ ಉದ್ದಕ್ಕೂ “ನಮಸ್ತೆ ಸಾರ್” ಎಂದರು. ನಮಸ್ಕರಿಸಲು ಕೈ ಎತ್ತಿದೆ, ಅರ್ಧ ಕೊಡ ಅಂಗಿಯ ಮೇಲೆ ಬಂತು.

ಮೂರನೆಯ ದಿನ ಬೆಳಿಗ್ಗೆ ಕಿರ್ರ್ ಕಿರ್ರ್ ಎಂಬ ಸದ್ದಿಗೆ ಎಚ್ಚರವಾಯಿತು. ಪಕ್ಕದಲ್ಲಿ ಸರೋಜ ಇಲ್ಲ, ಬಾಗಿಲ ಹಿಂದೆ ಹ್ಯಾಂಡಲ್ಲೂ ಇಲ್ಲ. ಹೊರಗೆ ಓಡಿದೆ. ಬೋರಿಂಗಿನ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಸರೋಜ ಕೂತಿದ್ದಾಳೆ. ಸೈಕಲ್ಲು, ಪಂಪು ರಿಪೇರಿ ಮಾಡುವ ಖಾಸಿಂ ಸಾಬರು ಪಾನಾ ಒರೆಸಿಕೊಳ್ಳುತ್ತಿದ್ದಾರೆ. ಅವತ್ತು ರುದ್ರಪ್ಪನವರ ಮಾತಿಗೆ ಹ್ಯಾಂಡಲ್ಲು ಬಿಚ್ಚಿದವರೂ ಅವರೇ. ನೀರು ಬಿಳಿ ಸೆರಗಿನ ಹಾಗೆ ಧಾರೆಯಾಗಿ ಕೊಡಕ್ಕೆ ಬೀಳುತ್ತಿದೆ. ಓಣಿಯ ಹೆಂಗಸರೆಲ್ಲ ಸಾಲು ನಿಂತಿದ್ದಾರೆ.

ರುದ್ರಪ್ಪನವರು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಬಂದರು. ಯಾರನ್ನು ಕೇಳಿ ಇದನ್ನೆಲ್ಲ ಮಾಡಿದಿರಿ ಎಂದು ಗದರಿದರು.

ಖಾಸಿಂ ಸಾಬರು ತಲೆಯೆತ್ತದೆ, “ಚಾಲೂ ಆಗೈತ್ರಿ ಸಾವ್ಕಾರ್ರ. ನೀರು ಭಾಳ ಚಲೋ ಅದಾವ, ಕುಡುದು ನೋಡ್ರಿ,” ಎಂದರು.

ಚಾಲೂ. ಮೂರು ವಾರ, ನಾಲ್ಕು ಪ್ರೂಫು, ಒಂದು ಬಾಗಳಿ ಪ್ರವಾಸ. ಈ ಶಬ್ದ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ರುದ್ರಪ್ಪನವರು ಇನ್ನೇನೋ ಹೇಳಲು ಬಾಯಿ ತೆರೆದರು. ಸಾಲಿನಲ್ಲಿ ಮೂರನೆಯವರಾಗಿ ಎರಡು ಕೊಡ ಹಿಡಿದು ನಿಂತಿದ್ದವರು ಅವರ ಹೆಂಡತಿಯೇ. ಅವರನ್ನು ಕಂಡು ರುದ್ರಪ್ಪನವರು ಬೇವಿನ ಕಡ್ಡಿ ಅಗಿಯುತ್ತ ಮನೆಗೆ ಹೋದರು.

ಸಮಾರಂಭವೂ ಆಯಿತೆನ್ನಿ. ದೊಡ್ಡವರೊಬ್ಬರು ಬಂದರು, ಹಡಗಲಿ ಮಲ್ಲಿಗೆಯ ಹಾರ ಹಾಕಿಸಿಕೊಂಡರು, ಎಂಟು ದಿನದಿಂದ ನಡೆಯುತ್ತಿದ್ದ ಬೋರಿಂಗನ್ನು ನಾಲ್ಕು ಸಲ ಒತ್ತಿದರು. ಲಗೂನ ಮುಗಸ್ರಿ, ಕೊಡ ಇಡಬೇಕು ಎಂದು ಹೆಂಗಸರು ಹಿಂದಿನಿಂದ ಅವಸರ ಮಾಡುತ್ತಿದ್ದರು. ಪ್ರೆಸ್ಸಿನವನು ನನ್ನ ಕಾಗದಕ್ಕೆ ಕಾದು ಕಾದು ಬೇಸತ್ತು ಕಾರ್ಡುಗಳನ್ನು ಇದ್ದ ಹಾಗೆಯೇ ಅಚ್ಚು ಹಾಕಿ ಕಳಿಸಿದ್ದ. ‘ಬೋರಿಂಗಿನ . . . . . . . . . . . . . . ಸಮಾರಂಭ’. ಅವನ್ನು ಹಾಗೆಯೇ ಹಂಚಿದೆವು. ವಿಚಿತ್ರವೆಂದರೆ ರುದ್ರಪ್ಪನವರೂ ರಾಯರೂ ಇಬ್ಬರೂ ಕಾರ್ಡು ನೋಡಿ ತಮಗೆ ಬೇಕಾದ ಶಬ್ದಕ್ಕೇ ಜಾಗ ಬಿಟ್ಟಿದೆ ಎಂದು ಸಮಾಧಾನಪಟ್ಟುಕೊಂಡರು.

ಆ ರಾತ್ರಿ ಊಟಕ್ಕೆ ಕೂತಾಗ ಸರೋಜಳನ್ನು ಕೇಳಿದೆ. ಹ್ಯಾಂಡಲ್ಲು ಬೇಕೆಂದು ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ನಾನೇನು ಕೊಡುವುದಿಲ್ಲ ಎನ್ನುತ್ತಿದ್ದೆನೇ ಎಂದು.

“ಇಲ್ಲ ಅಂತಿದ್ದಿಲ್ಲ ನೀವು,” ಎಂದಳು ಸಾರು ಬಡಿಸುತ್ತ. “ಹೂಂ ಅನ್ನಾಕ ಒಂದು ಚಲೋ ಶಬ್ದ ಹುಡುಕ್ತಿದ್ರಿ. ಅಷ್ಟರಾಗ ನನ್ನ ಇನ್ನೊಂದು ಕಾಲೂ ಮುರೀತಿತ್ತು.”

ಸಾರಿನಲ್ಲಿ ಉಪ್ಪು ಹೆಚ್ಚಿತ್ತು. ನಾನು ಚೆನ್ನಾಗಿದೆ ಎಂದೆ.

ಅವಳ ಕಾಲು ವಾಸಿಯಾಗುವವರೆಗೆ ನೀರು ತರುವ ಕೆಲಸ ನನ್ನದೆಂದು ತೀರ್ಮಾನವಾಯಿತು. ಕಾಲು ವಾಸಿಯಾಯಿತು, ತೀರ್ಮಾನ ಹಾಗೇ ಉಳಿಯಿತು. ಹ್ಯಾಂಡಲ್ಲು ಬಚ್ಚಿಟ್ಟುಕೊಂಡವರ ಪಾಳಿ ಎಲ್ಲರಿಗಿಂತ ಕೊನೆಗೆ ಎಂದು ಹೆಂಗಸರು ಬೋರಿಂಗು ಚಾಲೂ ಆದ ದಿನವೇ ನಿಯಮ ಮಾಡಿದ್ದಾರೆ. ಅದಕ್ಕೆ ಕಮಿಟಿಯೂ ಕೂಡಲಿಲ್ಲ, ಕಾರ್ಡೂ ಅಚ್ಚಾಗಲಿಲ್ಲ. ಇವತ್ತಿಗೂ ನಾನು ದಿನಾ ಬೆಳಿಗ್ಗೆ ಸಾಲಿನ ತುದಿಯಲ್ಲಿ ಕೊಡ ಇಟ್ಟುಕೊಂಡು, ಉಳಿದ ಕಾರ್ಡೊಂದರಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿರುತ್ತೇನೆ. ಚುಕ್ಕಿಗಳು ಒಟ್ಟು ಹದಿನಾಲ್ಕು. ನನ್ನ ಪಾಳಿ ಬರುವಷ್ಟರಲ್ಲಿ ದಿನಾ ಎರಡು ಸಲ ಎಣಿಸುತ್ತೇನೆ.