ಟೈಲರ್ ಹದಿನೆಂಟು

ಬೆಳಿಗ್ಗೆ ಏಳೂವರೆಗೆ ಕ್ಷೌರದಂಗಡಿಯವನು ಬಾಗಿಲಲ್ಲಿ ತಲೆ ಹಾಕಿ ಒಂದು ಸುದ್ದಿ ಹೇಳಿದ. ಅದನ್ನು ಕೇಳಿ ಟೈಲರನ ಕೈಯಲ್ಲಿದ್ದ ಚಹಾ ಅರ್ಧ ಅಂಗಿಯ ಮೇಲೆ, ಅರ್ಧ ಹೊಲಿಗೆ ಮಿಷನ್ನಿನ ಮೇಲೆ ಚೆಲ್ಲಿತು.

"ನಮ್ಮ ಹಳೇ ಉಸ್ತಾದ್ ಬರ್ತಿದ್ದಾರೆ ಕಣೋ. ಇವತ್ತೇ. ಸಂಜೆ ಅಸರ್ ನಮಾಜ್ ಮುಗಿಸ್ಕೊಂಡು ನೇರ ನಿನ್ನ ಮನೆಗೆ."

"ನನ್ನ ಮನೆಗ್ಯಾಕೆ?"

"ನನಗೇನು ಗೊತ್ತು? 'ಆ ಹದಿನೆಂಟು ಇನ್ನೂ ಇದಾನಾ?' ಅಂತ ಕೇಳಿದ್ರಂತೆ. ಇದಾನೆ ಅಂದ್ರಂತೆ."

ಟೈಲರನಿಗೆ ಹೆತ್ತವರಿಟ್ಟ ಹೆಸರು ಒಂದಿತ್ತು. ಅದನ್ನು ಕಾಗದಪತ್ರ ಬಿಟ್ಟರೆ ಬೇರೆಲ್ಲೂ ಯಾರೂ ಬಳಸುತ್ತಿರಲಿಲ್ಲ. ಬೀದಿಗೆಲ್ಲ ಅವನು ಹದಿನೆಂಟು. ಅಂಗಡಿಯ ಬೋರ್ಡಿನ ಮೇಲೂ 'ಹದಿನೆಂಟು ಟೈಲರ್ಸ್' ಎಂದೇ ಬರೆಸಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಈ ಹೆಸರಿನ ಮೂಲ ಕೇಳಿದಾಗ ಅವನು ಎದೆಯುಬ್ಬಿಸಿ ಹೇಳಿದ್ದ: "ಒಂಬತ್ತನೇ ವಯಸ್ಸಿಗೆ ಒಂದೇ ದಿನದಲ್ಲಿ ಕುರಾನಿನ ಹದಿನೆಂಟು ಸೂರಾ ಬಾಯಿಪಾಠ ಮಾಡಿ ಒಪ್ಪಿಸಿದೆ. ಉಸ್ತಾದ್ ತಬ್ಬಿಕೊಂಡು ಈ ಹೆಸರಿಟ್ಟರು." ಹೆಂಡತಿ ಅದನ್ನು ತವರಿಗೆ ಹೇಳಿದಳು, ಮಕ್ಕಳಿಗೆ ಹೇಳಿದಳು, ಈಗ ಮೊಮ್ಮಕ್ಕಳಿಗೂ ಹೇಳಿ ಮಲಗಿಸುತ್ತಿದ್ದಳು. ಮೂವತ್ತು ವರ್ಷಗಳಿಂದ ಅವಳ ಕಣ್ಣಿನಲ್ಲಿ ಗಂಡನ ಬೆಲೆ ನಿಂತಿದ್ದದ್ದೇ ಆ ಮಾತಿನ ಮೇಲೆ.

ನಿಜ ಸಂಗತಿ ಬೇರೆಯೇ ಇತ್ತು. ಜೊತೆ ಕಲಿತ ಉಳಿದವರೆಲ್ಲ ಊರು ಬಿಟ್ಟಿದ್ದರಿಂದ ಅದು ಈಗ ಗೊತ್ತಿದ್ದದ್ದು ಟೈಲರನಿಗೆ, ಅವನ ಜೊತೆ ಕಲಿತ ಕ್ಷೌರದಂಗಡಿಯವನಿಗೆ, ಮತ್ತು ಉಸ್ತಾದರಿಗೆ.

ಮಸೀದಿಯ ಪಕ್ಕದ ಕೋಣೆ. ಅಂಚು ಹರಿದ ಚಾಪೆ, ಮರದ ಹಲಗೆ, ಶಾಯಿಯ ವಾಸನೆ. ಅಸರ್ ಮುಗಿದು, ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಆಗುವತನಕ ಪಾಠ. ಉಸ್ತಾದರು ಒಂದೊಂದೇ ಪ್ರಶ್ನೆ ಎಸೆದರೆ ಮಕ್ಕಳೆಲ್ಲ ಒಟ್ಟಾಗಿ ಕಿರುಚುತ್ತಿದ್ದರು. ಇಸ್ಲಾಮಿನ ಸ್ತಂಭಗಳೆಷ್ಟು? ಐದು! ಮೊದಲು ಬಾಂಗ್ ಕೊಟ್ಟವರು ಯಾರು? ಬಿಲಾಲ್! ಪ್ರವಾದಿಯವರು ಮಕ್ಕಾ ಬಿಟ್ಟು ಎಲ್ಲಿಗೆ ಹೋದರು? ಮದೀನಾಕ್ಕೆ! ಆ ಗದ್ದಲಕ್ಕೆ ಹೊರಗಿನ ಪಾರಿವಾಳಗಳೆಲ್ಲ ಹಾರಿಹೋಗುತ್ತಿದ್ದವು. ಎಂಥ ಚೆಂದದ ದಿನಗಳು ಅವು! ಟೈಲರನಿಗೆ ಈಗಲೂ ಶಾಯಿಯ ವಾಸನೆ ಬಂದರೆ ಎದೆ ಭಾರವಾಗುತ್ತಿತ್ತು.

ಅಂಥ ಒಂದು ಸಂಜೆ ಉಸ್ತಾದರು ಅವನೊಬ್ಬನನ್ನೇ ಎಬ್ಬಿಸಿ ಕೇಳಿದ್ದರು: "ದಿನದ ಐದು ನಮಾಜಿಗೆ ಸೇರಿ ಕಡ್ಡಾಯದ ರಕಾತ್ ಎಷ್ಟು?" ನಿಂತು, ಬಾಗಿ, ನೆಲಕ್ಕೆ ಹಣೆಯಿಟ್ಟು ಸುಜೂದ್ ಮಾಡಿ ಏಳುವುದು ಒಂದು ರಕಾತ್. ಬೆಳಗಿನದು ಎರಡು, ಮಧ್ಯಾಹ್ನ ನಾಲ್ಕು, ಅಸರ್ ನಾಲ್ಕು, ಮಗ್ರಿಬ್ ಮೂರು, ರಾತ್ರಿ ನಾಲ್ಕು, ಒಟ್ಟು ಹದಿನೇಳು. ಉಳಿದವರಿಗೆಲ್ಲ ಅದು ಬಾಯಿಪಾಠ. ಇವನಿಗೆ ಮರೆತುಹೋಗಿತ್ತು. ಹಿಂದಿನ ದಿನ ತಾನು ಮಾಡಿದ ನಮಾಜುಗಳನ್ನು ಒಂದೊಂದಾಗಿ ನೆನೆದು, ಬೆರಳಿನ ಗೆಣ್ಣಿನಲ್ಲಿ ಎಣಿಸಿ, ಗಟ್ಟಿಯಾಗಿ "ಹದಿನೆಂಟು" ಎಂದ. ಉಸ್ತಾದರು ಮುಂಡಾಸು ಜಾರುವಷ್ಟು ನಕ್ಕರು. ಕೋಣೆಯೇ ನಕ್ಕಿತು. ಅವನು ದಾರಿಯುದ್ದಕ್ಕೂ ಅಳುತ್ತ ಮನೆಗೆ ಹೋದ. ಅದೇ ತಿಂಗಳು ಉಸ್ತಾದರು ದೂರದ ಮಸೀದಿಗೆ ಹೊರಟುಹೋದರು, ಹೆಸರು ಮಾತ್ರ ಇಲ್ಲೇ ಉಳಿಯಿತು.

"ಲೋ, ನೀನು ಬಾಯಿ ಬಿಡ್ಬೇಡ," ಟೈಲರ್ ಗೆಳೆಯನ ಕೈ ಹಿಡಿದ.

"ನಾನ್ಯಾಕೆ ಬಿಡ್ಲಿ? ಒಂದು ಜುಬ್ಬಾ ಹೊಲಿದುಕೊಡು, ಸಾಕು." ಬಾಗಿಲವರೆಗೆ ಹೋದವನು ತಿರುಗಿದ. "ಕೊರಳಿಗೆ ಕಸೂತಿ ಇರ್ಲಿ."

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಸುದ್ದಿ ಕೇಳಿ ಅವಳ ಮುಖ ಅರಳಿತು. "ಅಯ್ಯೋ, ಎಂಥಾ ಭಾಗ್ಯ! ರೀ, ಆ ಹದಿನೆಂಟನ್ನೂ ಉಸ್ತಾದರ ಮುಂದೆ ಇನ್ನೊಂದ್ಸಲ ಓದಿ. ಮೊಮ್ಮಕ್ಕಳು ಕೇಳ್ಲಿ," ಎಂದವಳೇ ಸೆರಗು ಸರಿಪಡಿಸಿಕೊಂಡು ಎದುರುಮನೆಗೆ ಹೋದಳು. ಹತ್ತು ಗಂಟೆಗೆ ಇಡೀ ಬೀದಿಗೆ ಗೊತ್ತಾಯಿತು. ಹನ್ನೊಂದಕ್ಕೆ ಎದುರುಮನೆಯ ಚಿಕ್ಕಮ್ಮ ಆರು ಕುರ್ಚಿ ಕಳಿಸಿದರು.

ಟೈಲರನಿಗೆ ಬರುತ್ತಿದ್ದದ್ದು ಆರೇ ಸೂರಾ. ಇಷ್ಟು ವರ್ಷ ಅವನ್ನೇ ಪಾಳಿಯ ಮೇಲೆ ನಮಾಜಿನಲ್ಲಿ ಓದಿಕೊಂಡು ಕಾಲ ಹಾಕಿದ್ದ. ಉಳಿದ ಹನ್ನೆರಡನ್ನು ಸಂಜೆಯೊಳಗೆ ಕಲಿಯಬೇಕೆಂದು ಪುಸ್ತಕವನ್ನು ಬಟ್ಟೆಯ ರಾಶಿಯಡಿ ಬಚ್ಚಿಟ್ಟುಕೊಂಡು, ಮಿಷನ್ ತುಳಿಯುತ್ತ ಗುನುಗತೊಡಗಿದ. ಏಳನೆಯದು ತಲೆಗೆ ಹೋಗುವಷ್ಟರಲ್ಲಿ ಎರಡನೆಯದು ಜಾರಿಹೋಯಿತು. ಕೈಯೂ ಅದೇ ದಾರಿ ಹಿಡಿಯಿತು.

ಮಧ್ಯಾಹ್ನ ಅಂಗಿ ಒಯ್ಯಲು ಬಂದ ಪೋಸ್ಟ್ ಮಾಸ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಜೇಬು ಬೆನ್ನಿನ ಮೇಲಿತ್ತು.

"ಇದೇನಪ್ಪ ಹದಿನೆಂಟು, ಹಿಂದೆ ನಿಂತವರಿಗೆ ಕೈ ಹಾಕೋಕೆ ಅನುಕೂಲ ಆಗ್ಲಿ ಅಂತಾನಾ?"

ಕೊನೆಗೆ ಜ್ವರ ಬಂದಿದೆ ಎಂದು ಕಂಬಳಿ ಹೊದ್ದು ಮಲಗಿದ. ಹೆಂಡತಿ ಹಣೆ ಮುಟ್ಟಿ, "ನೀರಿನ ಮಡಕೆ ಹಾಗೆ ತಣ್ಣಗಿದೆಯಲ್ರೀ," ಎಂದಳು. ಎದುರುಮನೆ ಚಿಕ್ಕಮ್ಮ ಯಾವುದೋ ಬೇರು ಕುದಿಸಿ ಒಂದು ದೊಡ್ಡ ಲೋಟ ಕಷಾಯ ತಂದು, ಮೂಗು ಹಿಡಿದು ಕುಡಿಸಿದರು. "ಇನ್ನೊಂದು ಲೋಟ ತರ್ಲಾ?" ಎಂದು ಕೇಳಿದ ಕೂಡಲೇ ಅವನ ಜ್ವರ ಬಿಟ್ಟಿತು. ಕ್ಷೌರದಂಗಡಿಯವನು ನಡುವೆ ಬಂದು ಜುಬ್ಬಾದ ಜೊತೆ ಟೋಪಿಯೂ ಬೇಕೆಂದು ಹೇಳಿಹೋದ.

ಅಸರ್ ನಮಾಜನ್ನು ಮನೆಯಲ್ಲೇ ಮುಗಿಸಿ ಟೈಲರ್ ಕೈಯೆತ್ತಿ, ಉಸ್ತಾದರ ನೆನಪು ಅಳಿಸಿಬಿಡು ಎಂದು ಬೇಡಿದ. ಮರುಕ್ಷಣವೇ ನಾಚಿಕೆಯಾಯಿತು. ಅಕ್ಷರ ಕಲಿಸಿದ ಮುದುಕರಿಗೆ ಇಂಥದ್ದು ಬೇಡುವುದೇ! ಉಳಿದದ್ದೆಲ್ಲ ನೆನಪಿರಲಿ, ಇದೊಂದು ಮಾತ್ರ ಮರೆಯಲಿ ಎಂದು ತಿದ್ದಿಕೊಂಡ.

ಉಸ್ತಾದರು ಬಂದರು. ಅಷ್ಟೆತ್ತರದ ಮನುಷ್ಯ ಇಷ್ಟು ಸಣ್ಣಗಾಗಿದ್ದರು; ಕೈಯಲ್ಲಿ ಕೋಲು, ಕಿವಿಯೂ ಮಂದ. ಅವರನ್ನು ನೋಡಿದ್ದೇ ಟೈಲರನಿಗೆ ಸೂರಾ, ಸುಳ್ಳು, ಬೀದಿಯ ಜನ ಎಲ್ಲ ಮರೆತು ಕಣ್ಣು ತುಂಬಿತು. ಕೂರಿಸಿ, ಖರ್ಜೂರ, ನೀರು ಕೊಟ್ಟು, ಅವರ ಕಾಲ ಬಳಿ ಚಾಪೆಯ ಮೇಲೆ ಕೂತ. ಕುರ್ಚಿಗಳೆಲ್ಲ ತುಂಬಿದ್ದವು.

ಹೆಂಡತಿ ಬಾಗಿಲ ಹತ್ತಿರ ನಿಂತು ಗಟ್ಟಿಯಾಗಿ ಹೇಳಿದಳು: "ಉಸ್ತಾದರೇ, ಇವರು ಒಂದೇ ದಿನಕ್ಕೆ ಹದಿನೆಂಟು ಸೂರಾ ಕಲಿತ ಕತೆ ನಿಮ್ಮ ಬಾಯಿಂದ ಕೇಳ್ಬೇಕು ಅಂತ ಎಲ್ಲರಿಗೂ ಆಸೆ."

ಉಸ್ತಾದರ ಕಿವಿಗೆ ಬಿದ್ದದ್ದು ಹದಿನೆಂಟು ಮಾತ್ರ.

"ಹಾಂ, ಹದಿನೆಂಟು! ನಾನು ಬಂದಿದ್ದೇ ಅದಕ್ಕಮ್ಮಾ," ಎಂದು ಟೈಲರನ ಕೈ ಹುಡುಕಿ ಹಿಡಿದುಕೊಂಡರು. "ಮಗೂ, ರಕಾತ್ ಎಷ್ಟು ಅಂತ ಕೇಳಿದಾಗ ನೀನು ಹದಿನೆಂಟು ಅಂದೆ. ನಾನು ಎಲ್ಲರ ಮುಂದೆ ನಕ್ಕೆ. ಅದೇ ಸಂಜೆ ಮಗ್ರಿಬ್‌ಗೆ ನಿಂತಾಗ ನನಗೆ ಹೊಳೀತು. ಹಿಂದಿನ ದಿನ ಮಗ್ರಿಬ್ ಹೊತ್ತಿಗೆ ದೊಡ್ಡವರೆಲ್ಲ ಮದುವೆಗೆ ಹೋಗಿದ್ರು, ನಮಾಜಿಗೆ ನನ್ನ ಹಿಂದೆ ನಿಂತವರು ನೀವು ಮಕ್ಕಳೇ. ನಮಾಜ್ ಮಾಡಿಸೋ ಇಮಾಮ್ ತಪ್ಪಿದ್ರೆ ಹಿಂದಿನವರು 'ಸುಬ್‌ಹಾನಲ್ಲಾಹ್' ಅಂತ ಎಚ್ಚರಿಸ್ಬೇಕು. ನಿಮಗೇನು ಗೊತ್ತು? ನಾನು ಮೂರರ ಬದಲು ನಾಲ್ಕು ರಕಾತ್ ಮಾಡಿಸಿಬಿಟ್ಟಿದ್ದೆ. ನೀನು ಮಾಡಿದ್ದನ್ನ ಮಾಡಿದ ಹಾಗೇ ಎಣಿಸಿದ್ದೆ. ಲೆಕ್ಕ ತಪ್ಪಿದ್ದು ನಿನ್ನದಲ್ಲ, ನನ್ನದು."

ಪೋಸ್ಟ್ ಮಾಸ್ಟರು ಕ್ಷೌರದಂಗಡಿಯವನ ಕಡೆ ತಿರುಗಿ, "ನೀನೂ ಅಲ್ಲೇ ಇದ್ದೆಯಲ್ಲ, ನಿನಗೆ ಗೊತ್ತಾಗ್ಲಿಲ್ವಾ?" ಎಂದರು.

"ನಾನು ಸುಜೂದಿಗೆ ಹೋದವನು ಅಲ್ಲೇ ನಿದ್ದೆ ಹೋಗಿದ್ದೆ," ಎಂದ ಅವನು, ಮೆಲ್ಲಗೆ.

"ಹೇಳ್ಬೇಕು ಅಂದ್ಕೊಂಡೆ," ಉಸ್ತಾದರು ಮುಂದುವರಿಸಿದರು. "ಉಸ್ತಾದ್ ಅನ್ನೋ ಜಂಬ, ಬಾಯಿ ಬರ್ಲಿಲ್ಲ. ಸಾಯೋ ಮೊದಲು ಆ ಹುಡುಗನ ಹತ್ರ ಮಾಫಿ ಕೇಳ್ಬೇಕು ಅಂತ ಬಂದೆ. ಆ ಹುಡುಗ ನೀನೇ ತಾನೇ?"

ಕ್ಷೌರದಂಗಡಿಯವನು ಮುದುಕರ ಬೆನ್ನ ಹಿಂದಿನಿಂದ ಜೋರಾಗಿ ತಲೆಯಾಡಿಸುತ್ತಿದ್ದ, ಅಲ್ಲ ಅನ್ನು, ಅಲ್ಲ ಅನ್ನು ಎಂದು. ಅಷ್ಟೇ ಸಾಕಿತ್ತು. ಅದು ಬೇರೆ ಹುಡುಗ, ಉಸ್ತಾದ್ ಎಂದುಬಿಟ್ಟರೆ ಮೂವತ್ತು ವರ್ಷದ ಮಾನ ಉಳಿಯುತ್ತಿತ್ತು. ಆದರೆ ಉಸ್ತಾದರು ಇನ್ನೂ ಅವನ ಕೈ ಹಿಡಿದೇ ಇದ್ದರು.

"ನಾನೇ, ಉಸ್ತಾದ್," ಎಂದ ಟೈಲರ್. "ಮಾಫ್ ಮಾಡಿದೀನಿ. ಯಾವತ್ತೋ ಮಾಡಿದೀನಿ."

ಉಸ್ತಾದರು ಅವನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಟೈಲರನಿಗೆ ಆ ಗಳಿಗೆಯಲ್ಲಿ ಒಂಬತ್ತು ವರ್ಷದ ಹುಡುಗನ ಅಳು ನಿಂತಂತಾಯಿತು. ಅವನು ತಲೆಯೆತ್ತಿ ನೋಡಿದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಹಾಗಾದ್ರೆ ಸೂರಾ?"

"ಆರು ಬರುತ್ತೆ ಕಣೇ."

"ಆರು!" ಮೂವತ್ತು ವರ್ಷ ಹೊಗಳಿದ್ದನ್ನೆಲ್ಲ ಅವಳು ಒಂದೇ ನೋಟದಲ್ಲಿ ವಾಪಸ್ ತೆಗೆದುಕೊಂಡಳು. ಆಮೇಲೆ ಉಸ್ತಾದರ ಕಿವಿಯ ಹತ್ತಿರ ಬಗ್ಗಿ, "ಇವರಿಗೆ ಇನ್ನೂ ಹನ್ನೆರಡು ಸೂರಾ ಕಲಿಸ್ಬೇಕು, ಉಸ್ತಾದರೇ," ಎಂದು ಕೂಗಿದಳು.

ಮುದುಕರ ಮುಖ ಬೆಳಗಿತು. "ಕಲಿಸ್ದೆ ಇರ್ತೀನಾ? ನನ್ನ ಋಣ ಅದು. ಇವನು ಒಪ್ಪಿಸೋವರೆಗೂ ನಾನು ನಿಮ್ಮ ಮನೆ ಬಿಟ್ಟು ಕದಲಲ್ಲಮ್ಮಾ. ನಾಳೆ ಬೆಳಿಗ್ಗೆಯಿಂದ ಮಕ್ಕಳ ಜೊತೆ ಪಾಠಕ್ಕೆ ಕೂರ್ಲಿ."

ಜನ ನಗುನಗುತ್ತ ಎದ್ದರು. ಏಳು ವರ್ಷದ ಮೊಮ್ಮಗಳು ಚಾಪೆಯ ಮೇಲೆ ತೆವಳಿಕೊಂಡು ಬಂದು ಟೈಲರನ ತೋಳು ಜಗ್ಗಿ, ಗುಟ್ಟಾಗಿ ಹೇಳಿದಳು:

"ಅಜ್ಜಾ, ನಾಳೆ ನನ್ನ ಪಕ್ಕ ಕೂತ್ಕೋ. ಬರ್ದೇ ಇದ್ರೆ ಸುಮ್ನೆ ತುಟಿ ಅಲ್ಲಾಡ್ಸು. ನಾನೂ ಹಾಗೇ ಮಾಡೋದು."