ಸುಂದರಕ್ಕನ ಮುಖದಲ್ಲಿ ಅರಬ್ಬಿ ಸಮುದ್ರ

ಲ್ಯಾಬಿನ ಫ್ರಿಜ್ ಕೆಟ್ಟದ್ದೇ ಲೀಲಾಧರನ ಗ್ರಹಚಾರಕ್ಕೆ ಮೂಲ. ಅರಬ್ಬಿ ಸಮುದ್ರದ ತಳದಿಂದ ಹಡಗಿನವರು ಕೊರೆದು ತೆಗೆದ ಕೆಸರನ್ನು ಅವನು ಡಬ್ಬಿಯಲ್ಲಿ ಸಾನಪಾಡಾದ ಮನೆಗೆ ತಂದು, ಅಮ್ಮನ ಫ್ರಿಜ್ಜಿನಲ್ಲಿಟ್ಟಿದ್ದ. ಅದರೊಳಗೆ ಸಾಸಿವೆಗಿಂತಲೂ ಸಣ್ಣ ಸುಣ್ಣದ ಚಿಪ್ಪುಗಳು. ಸಾವಿರಾರು ವರ್ಷಗಳ ಹಿಂದೆ ಕಡಲು ಬೆಚ್ಚಗಿತ್ತೋ ತಣ್ಣಗಿತ್ತೋ ಎಂಬುದನ್ನು ಅವುಗಳಿಂದಲೇ ತಿಳಿಯಬೇಕು. ಮರುದಿನ ಅವನ್ನು ಗೈಡ್ ಸೈದಪ್ಪನವರಿಗೆ ತೋರಿಸದಿದ್ದರೆ ಪಿಎಚ್.ಡಿ. ಇನ್ನೊಂದು ವರ್ಷ ಮುಂದಕ್ಕೆ.

ಸಂಜೆ ಬಂದು ನೋಡಿದರೆ ಡಬ್ಬಿಯೇ ಇಲ್ಲ.

“ಅದು ಮುಲ್ತಾನಿ ಮಿಟ್ಟಿ ಅಲ್ವಾ? ಬೆಳಗ್ಗೆ ಎದುರುಮನೆ ಸುಂದರಿಗೆ ಕೊಟ್ಟೆ. ನಾಳೆ ಅವಳ ತಂಗಿ ಮಗಳ ಮದುವೆ ಮಾರಾಯ,” ಎಂದಳು ಅಮ್ಮ ಮೋಹಿನಿ, ಬಸಳೆ ಹೆಚ್ಚುತ್ತ.

ಲೀಲಾಧರ ಜರಡಿ ಹಿಡಿದು ಬರಿಗಾಲಲ್ಲೇ ಓಡಿದ. ಸುಂದರಿ ನಲ್ಲಿ ತಿರುಗಿಸುವುದರಲ್ಲಿದ್ದಳು. ಮುಖವಿಡೀ ಬೂದು ಕೆಸರು, ಇನ್ನೂ ಬಣ್ಣ ಹಚ್ಚದ ಗಣಪತಿಯ ಹಾಗೆ.

“ಸುಂದರಕ್ಕಾ, ಮುಖ ತೊಳೀಬೇಡಿ! ನಗಲೂಬೇಡಿ, ಉದುರ್ತದೆ!”

“ಅಯ್ಯೋ, ನಿಂಗೆ ಎಂತ ಆಯ್ತು ಮಾರಾಯ?”

ಅವನು ಅವಳ ಗಲ್ಲ ಹಿಡಿದು ನಿಲ್ಲಿಸುವುದಕ್ಕೂ ಗಂಡ ಶಂಭು ಆಫೀಸಿನಿಂದ ಒಳಗೆ ಬರುವುದಕ್ಕೂ ಸರಿಹೋಯಿತು. ಶಂಭು ಗುಡುಗಿದ. ಇಡೀ ಮಹಡಿ ಬಾಗಿಲಲ್ಲಿ ನೆರೆಯಿತು. ಪಕ್ಕದ ಚಂದ್ರಬಾಯಿ, “ಪೊಲಿಸಾನ್ನಾ ಬೋಲವಾ!” ಎಂದು ಪೊಲೀಸರನ್ನು ಕರೆಯಲು ಮರಾಠಿಯಲ್ಲಿ ಕೂಗಿಕೊಂಡಳು.

ಲೀಲಾಧರ ಜಗ್ಗಲಿಲ್ಲ. “ಶಂಭಣ್ಣ, ಬೈಯಿರಿ, ಹೊಡೀರಿ. ಮೊದ್ಲು ಈ ಟಬ್ ಹಿಡೀರಿ!”

ಆ ದನಿಗೆ ಶಂಭು ಹೊಡೆಯುವುದನ್ನು ಮರೆತು ಟಬ್ ಹಿಡಿದ. ಹಣೆ, ಮೂಗು, ಕಿವಿಯ ಸಂದಿ, ಒಂದನ್ನೂ ಬಿಡದೆ ತೊಳೆಸಿ, ಹುಬ್ಬನ್ನು ಬ್ರಷ್ಷಿನಿಂದ ತಿಕ್ಕಿಸಿ, ನೀರನ್ನೆಲ್ಲ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಲೀಲಾಧರ ಎದೆಗವಚಿಕೊಂಡು ಹೋದ.

ಮರುದಿನ ಲ್ಯಾಬಿನಲ್ಲಿ ಧಾರವಾಡ ಮೂಲದ ಸೈದಪ್ಪನವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲೇ ಇಲ್ಲ.

“ತಮ್ಮಾ, ಇದರಾಗ ಮರಳ ಐತಿ. ಒಂದು ಹುಬ್ಬಿನ ಕೂದಲಾ ಐತಿ. ಚಿಪ್ಪು ಒಂದೂ ಇಲ್ಲಲ್ಲೋ!”

ಲೀಲಾಧರ ಮದುವೆ ಮಂಟಪದಲ್ಲಿದ್ದ ಸುಂದರಿಗೆ ಫೋನ್ ಮಾಡಿದ.

“ಅಕ್ಕ, ಮಣ್ಣಿಗೆ ಬೇರೆ ಎಂತಾದ್ರೂ ಹಾಕಿದ್ರಾ?”

“ಬರೇ ಮಣ್ಣು ಹಚ್ಚಿದ್ರೆ ಬೆಳ್ಳಗಾಗ್ತದಾ? ಬೆಳಗ್ಗೆಯೇ ಲಿಂಬೆಹುಳಿ ಹಿಂಡಿ ನೆನೆಸಿಟ್ಟಿದ್ದೆ. ಗೋಲಿಸೋಡಾದ ಹಾಗೆ ನೊರೆ ಬಂತು ನೋಡು!”

ಸಾವಿರಾರು ವರ್ಷ ಕಡಲಡಿಯಲ್ಲಿ ಉಳಿದ ಸುಣ್ಣದ ಚಿಪ್ಪುಗಳು ಸುಂದರಿಯ ಅಡುಗೆಮನೆಯಲ್ಲಿ ಲಿಂಬೆಯ ಹುಳಿಗೆ ಕರಗಿಹೋಗಿದ್ದವು.

“ಆದ್ರೂ ಮುಖ ಎಂಥಾ ಹೊಳೀತಾ ಉಂಟು ಗೊತ್ತುಂಟಾ! ಮದುಮಗನ ಕಡೆಯವ್ರೂ ಕೇಳ್ತಿದ್ದಾರೆ. ಇನ್ನೊಂದು ಡಬ್ಬಿ ತಂದುಕೊಡ್ತೀಯಾ ಮಾರಾಯ?”